ಅಪ್ಪನಿಗೂ ಬ್ಯಾಕ್ ಬಿತ್ತು!

ಮಂಗಳವಾರ ಸಂಜೆ ಏಳಾದರೆ ನಮ್ಮ ಮನೆಯ ಲ್ಯಾಪ್‌ಟಾಪ್ ನನ್ನದಲ್ಲ. ನಾನು ಬಿ.ಇ. ಸೇರಿದಾಗ ಕಂತಿನಲ್ಲಿ ಕೊಡಿಸಿದ್ದು, ಹೆಸರಿಗೇನೋ ನನ್ನದೇ. ಆದರೆ ಆ ಹೊತ್ತಿಗೆ ಸರಿಯಾಗಿ ಅಪ್ಪ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೆಳಗೆ ಲುಂಗಿಯಲ್ಲೇ ಬಂದು ಊಟದ ಟೇಬಲ್ ಮುಂದೆ ಕೂತುಬಿಡುತ್ತಾರೆ. ಕ್ಯಾಮೆರಾದಲ್ಲಿ ಲುಂಗಿ ಕಾಣುವುದಿಲ್ಲವಲ್ಲ! ಪಕ್ಕದಲ್ಲಿ ಎರಡು ಬಣ್ಣದ ಪೆನ್ನು, ಒಂದು ಲಾಂಗ್ ನೋಟ್‌ಬುಕ್. ನನ್ನ ಲ್ಯಾಬ್ ರೆಕಾರ್ಡ್ ಒಂಬತ್ತೂವರೆವರೆಗೆ ಕಾಯಬೇಕು.

ಅಪ್ಪನಿಗೀಗ 52. ಹುಬ್ಬಳ್ಳಿ–ಧಾರವಾಡದ ಕಡೆ ಸಿಎಸ್‌ಐ ಸಭೆಯೊಂದರ ಸಭಾಪಾಲಕರು. ನಾನು ಎಂಜಿನಿಯರಿಂಗ್ ಸೇರಿದ ವರ್ಷವೇ ಅವರು ಕ್ರೈಸ್ತ ನಾಯಕತ್ವದ ವಿಷಯದಲ್ಲಿ ಡಾಕ್ಟರೇಟ್‌ಗೆ ಸೇರಿದರು. 'ಮನಿಯೊಳಗ ಇಬ್ಬರು ಕಾಲೇಜು ಹುಡುಗರು, ಇಬ್ಬರಿಗೂ ಫೀ ಕಟ್ಟಾಕಿ ನಾನು' ಎಂದು ಶಾಲಾ ಶಿಕ್ಷಕಿಯಾದ ಅಮ್ಮ ಬಂದವರಿಗೆಲ್ಲ ಹೇಳಿ ನಗುತ್ತಾರೆ.

ಮೊದಮೊದಲು ನನಗೆ ಇದು ತಮಾಷೆಯೂ ಅಲ್ಲ, ಹೆಮ್ಮೆಯೂ ಅಲ್ಲ. ಸ್ವಲ್ಪ ಮುಜುಗರ. 'ನಿಮ್ಮಪ್ಪ ಪಿಎಚ್‌.ಡಿ. ಮಾಡ್ತಾರಂತೆ, ಯಾವುದರಲ್ಲಿ?' ಎಂದು ಗೆಳೆಯರು ಕೇಳಿದರೆ 'ಲೀಡರ್‌ಶಿಪ್‌ನಲ್ಲಿ' ಎಂದು ಅರ್ಧ ಹೇಳಿ ಮಾತು ತಿರುಗಿಸುತ್ತಿದ್ದೆ. ಸಭೆಯ ಹಿರಿಯರೊಬ್ಬರು ಇನ್ನೂ ನೇರವಾಗಿ ಕೇಳಿದ್ದರು: 'ಅಯ್ಯನವರ, ಈ ವಯಸ್ಸಿನಾಗ ಡಾಕ್ಟರ್ ಆದರ ಪಗಾರ ಜಾಸ್ತಿ ಆಗತೈತೇನ್ರಿ?' ಆಗುವುದಿಲ್ಲ. ಒಂದು ರೂಪಾಯಿಯೂ ಆಗುವುದಿಲ್ಲ. ಹಾಗಿದ್ದರೆ ಯಾಕೆ? ಆ ಪ್ರಶ್ನೆಗೆ ಉತ್ತರ ಸಿಗಲು ನನಗೆ ಮೂರು ವರ್ಷ ಬೇಕಾಯಿತು.

ಇದೆಂಥ ಡಾಕ್ಟರೇಟ್?

ಡಾಕ್ಟರೇಟ್ ಅಂದರೆ ಪಿಎಚ್‌.ಡಿ. ಒಂದೇ ಎಂದು ನಾನು ತಿಳಿದಿದ್ದೆ. ದೈವಶಾಸ್ತ್ರದಲ್ಲಿ ಎರಡು ದಾರಿಗಳಿವೆ. ಪಿಎಚ್‌.ಡಿ. ಅಥವಾ ಡಾಕ್ಟರ್ ಆಫ್ ಥಿಯಾಲಜಿ ಎಂಬುದು ಹೊಸ ಜ್ಞಾನ ಕಟ್ಟುವ, ಹೆಚ್ಚಾಗಿ ಪಾಠ ಮಾಡುವವರಾಗಲು ಬಯಸುವವರ ದಾರಿ. ಡಾಕ್ಟರ್ ಆಫ್ ಮಿನಿಸ್ಟ್ರಿ ಎಂಬುದು ಈಗಾಗಲೇ ಕೆಲಸದಲ್ಲಿರುವವರ ದಾರಿ. ಸಭೆ, ಆಸ್ಪತ್ರೆ, ಶಾಲೆ, ಸೇವಾಸಂಸ್ಥೆಗಳಲ್ಲಿ ವರ್ಷಗಟ್ಟಲೆ ದುಡಿದವರು ತಮ್ಮ ಕೆಲಸವನ್ನೇ ಸಂಶೋಧನೆಯ ವಿಷಯವಾಗಿ ಮಾಡಿಕೊಳ್ಳುತ್ತಾರೆ. ಇದಕ್ಕೆ ಸಾಮಾನ್ಯವಾಗಿ ದೈವಶಾಸ್ತ್ರದ ಪದವಿಯ ಜೊತೆಗೆ ಕೆಲವು ವರ್ಷಗಳ ಸೇವಾನುಭವ ಕೇಳುತ್ತಾರೆ. ಡಿಗ್ರಿ ಮುಗಿಸಿ ನೇರ ಹೋಗಿ ಸೇರುವಂಥದ್ದಲ್ಲ.

ನಮ್ಮ ದೇಶಕ್ಕೆ ದೈವಶಾಸ್ತ್ರದ ಪದವಿ ಹೊಸದೂ ಅಲ್ಲ. ವಿಲಿಯಂ ಕೇರಿ ಮತ್ತು ಸಂಗಡಿಗರು ಬಂಗಾಳದಲ್ಲಿ ಸೆರಾಂಪುರ ಕಾಲೇಜು ಕಟ್ಟಿದ್ದು 1818ರಲ್ಲಿ. ಆಗ ಆ ಊರು ಡೆನ್ಮಾರ್ಕಿನವರ ಕೈಯಲ್ಲಿತ್ತು. 1827ರಲ್ಲಿ ಡೆನ್ಮಾರ್ಕಿನ ದೊರೆ ಪದವಿ ಕೊಡುವ ಅಧಿಕಾರದ ಸನ್ನದು ಕೊಟ್ಟ. 1918ರ ಸೆರಾಂಪುರ ಕಾಲೇಜು ಕಾಯ್ದೆ ಅದಕ್ಕೆ ಇನ್ನಷ್ಟು ಗಟ್ಟಿ ರೂಪ ಕೊಟ್ಟಿತು. ಇವತ್ತು ಆ ಸೆನೆಟ್‌ಗೆ ಸಂಯೋಜಿತವಾದ ಕಾಲೇಜುಗಳು ದೇಶದ ಉದ್ದಗಲಕ್ಕೂ ಇವೆ. ನಮ್ಮಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಆ ಸಾಲಿನವು. ಇದಲ್ಲದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಧರ್ಮದ ಅಧ್ಯಯನಕ್ಕೇ ಒಂದು ವಿಭಾಗವಿದೆ.

'ನಾಯಕತ್ವ'ವನ್ನು ಓದಿನ ವಿಷಯವಾಗಿ ನೋಡಿದರೆ ಅದರ ಕಥೆ ನಮ್ಮಂಥ ಎಂಜಿನಿಯರಿಂಗ್‌ನವರಿಗೂ ಹತ್ತಿರದ್ದು. ರಾಬರ್ಟ್ ಗ್ರೀನ್‌ಲೀಫ್ ಎಂಬಾತ ಪಾದ್ರಿಯಲ್ಲ. ಅಮೆರಿಕದ ದೂರವಾಣಿ ಕಂಪನಿ ಎಟಿ ಆ್ಯಂಡ್ ಟಿಯಲ್ಲಿ ದಶಕಗಳ ಕಾಲ ದುಡಿದು ನಿವೃತ್ತನಾದವನು. 1970ರಲ್ಲಿ ಬರೆದ ಪ್ರಬಂಧದಲ್ಲಿ ಅವನು 'ಸೇವಕ ನಾಯಕತ್ವ' ಎಂಬ ಮಾತನ್ನು ಮುಂದಿಟ್ಟ. ನಾಯಕ ಎಷ್ಟು ಎತ್ತರಕ್ಕೆ ಹೋದ ಎನ್ನುವುದಕ್ಕಿಂತ ಅವನ ಜೊತೆಗಿದ್ದವರು ಬೆಳೆದರೋ ಇಲ್ಲವೋ ಎಂಬುದು ಅವನ ಅಳತೆಗೋಲು. ಶಿಷ್ಯರ ಪಾದ ತೊಳೆದ ಯೇಸುವಿನ ಬಗ್ಗೆ ಪ್ರತಿವರ್ಷ ಶುಭ ಶುಕ್ರವಾರದ ಹಿಂದಿನ ದಿನ ಪ್ರಸಂಗ ಮಾಡುವ ಅಪ್ಪನಿಗೆ ಈ ಮಾತು ಹೊಸದಾಗಿರಲಿಲ್ಲ. ಆದರೆ ಅದನ್ನು ಅಳೆದು ನೋಡಬೇಕು ಎನ್ನುವುದು ಹೊಸದಾಗಿತ್ತು.

ಅರ್ಧ ಹಾಸ್ಟೆಲ್, ಅರ್ಧ ಊಟದ ಟೇಬಲ್

ಅಪ್ಪನದು ಬ್ಲೆಂಡೆಡ್ ಪದ್ಧತಿಯ ಓದು. ವರ್ಷಕ್ಕೊಮ್ಮೆ ಎರಡು ವಾರ ಕಾಲೇಜಿನಲ್ಲೇ ವಾಸ. ಬೆಳಿಗ್ಗೆಯಿಂದ ಸಂಜೆವರೆಗೆ ತರಗತಿ, ರಾತ್ರಿ ಗ್ರಂಥಾಲಯ. ಉಳಿದ ದಿನ ಊರಿನಲ್ಲೇ ಇದ್ದು, ತಮ್ಮ ಕೆಲಸ ಮಾಡಿಕೊಂಡೇ ಓದಬೇಕು. ಮಂಗಳವಾರದ ಆನ್‌ಲೈನ್ ಸೆಮಿನಾರ್, ತಿಂಗಳಿಗೊಂದು ಪ್ರಬಂಧ, ಗೈಡ್ ಜೊತೆ ಫೋನ್ ಮಾತು. ಕೋರ್ಸ್‌ವರ್ಕ್ ಮುಗಿದ ಮೇಲೆ ಸಂಶೋಧನಾ ಪ್ರಸ್ತಾವ, ಆಮೇಲೆ ಕ್ಷೇತ್ರಕಾರ್ಯ, ಕೊನೆಗೆ ಪ್ರಬಂಧ ಮತ್ತು ವೈವಾ.

ಕೇಳಲು ಸುಲಭ. ಆದರೆ ಸಭಾಪಾಲಕರ ದಿನಕ್ಕೆ ಟೈಮ್‌ಟೇಬಲ್ ಇರುವುದಿಲ್ಲ. ಸೆಮಿನಾರ್ ನಡುವೆ ಆಸ್ಪತ್ರೆಯಿಂದ ಫೋನ್ ಬರುತ್ತದೆ. ಯಾರೋ ತೀರಿಕೊಂಡಿರುತ್ತಾರೆ. ಅಪ್ಪ ಲುಂಗಿ ಬದಲಿಸಿ ಹೊರಟುಬಿಡುತ್ತಾರೆ. ತೆರೆಯ ಮೇಲೆ ಖಾಲಿ ಕುರ್ಚಿ. ರಾತ್ರಿ ಹನ್ನೊಂದಕ್ಕೆ ಬಂದು ರೆಕಾರ್ಡಿಂಗ್ ಹಾಕಿಕೊಂಡು ಕೂರುತ್ತಾರೆ. ಮನೆಯಲ್ಲೇ ಕೂತು ಓದುವುದಕ್ಕಿರುವ ಅನುಕೂಲವೂ ಅದೇ, ತೊಂದರೆಯೂ ಅದೇ: ಮನೆ ನಿಮ್ಮನ್ನು ಬಿಡುವುದಿಲ್ಲ.

ನನ್ನ ಪಾಲಿಗೆ ಬಂದದ್ದು ಟೆಕ್ನಿಕಲ್ ಸಪೋರ್ಟ್. ಅಪ್ಪ ಇಪ್ಪತ್ತು ವರ್ಷಗಳಿಂದ ನುಡಿಯಲ್ಲಿ ಟೈಪ್ ಮಾಡಿದ ಟಿಪ್ಪಣಿಗಳು, ಹಳೆಯ ಫಾಂಟ್‌ನವು, ಹೊಸ ಫೈಲಿಗೆ ಹಾಕಿದ ಕೂಡಲೇ ಅರ್ಥವಿಲ್ಲದ ಅಕ್ಷರಗಳಾಗುತ್ತಿದ್ದವು. ಎಲ್ಲವನ್ನೂ ಯೂನಿಕೋಡ್‌ಗೆ ಬದಲಿಸಲು ಒಂದು ದಸರಾ ರಜೆ ಹೋಯಿತು. ಆಮೇಲೆ ಜೊಟೆರೊ ಕಲಿಸಿದೆ. ಉಚಿತವಾಗಿ ಸಿಗುವ ಆ ತಂತ್ರಾಂಶ ಓದಿದ ಪುಸ್ತಕಗಳ ವಿವರ ಇಟ್ಟುಕೊಂಡು, ಅಡಿಟಿಪ್ಪಣಿಗಳನ್ನು ತಾನೇ ಜೋಡಿಸುತ್ತದೆ. ಅಪ್ಪ ಅದನ್ನು ನಂಬಲಿಲ್ಲ. ಮೊದಲ ಆರು ತಿಂಗಳು ಅದರ ಜೊತೆಗೆ ಡೈರಿಯಲ್ಲೂ ಬರೆದಿಟ್ಟರು. ಒಮ್ಮೆ ಲ್ಯಾಪ್‌ಟಾಪ್ ಕೈಕೊಟ್ಟಾಗ ಆ ಡೈರಿಯೇ ಕಾಪಾಡಿತು. ನಾನು ಸುಮ್ಮನಾದೆ.

'ಇದು ಪ್ರಸಂಗ, ಪ್ರಶ್ನೆಯಲ್ಲ'

ಕೋರ್ಸ್‌ವರ್ಕ್ ಮುಗಿದ ಮೇಲೆ ಅಪ್ಪ ಸಂಶೋಧನಾ ಪ್ರಸ್ತಾವ ಕಳಿಸಿದರು. ಕರ್ನಾಟಕದಲ್ಲಿ ಕ್ರೈಸ್ತ ನಾಯಕತ್ವದ ಬಿಕ್ಕಟ್ಟು ಮತ್ತು ಪರಿಹಾರ ಎಂಬುದು ವಿಷಯ. ನಲವತ್ತು ಪುಟ. ಮೂರು ವಾರದ ನಂತರ ಅದು ವಾಪಸ್ ಬಂತು. ಅಂಚಿನಲ್ಲಿ ಗೈಡ್ ಬರೆದಿದ್ದ ಒಂದು ಸಾಲಿನ ಅರ್ಥ ಇಷ್ಟು: ಇದು ಪ್ರಸಂಗ, ಪ್ರಶ್ನೆಯಲ್ಲ.

ಅದೇ ವಾರ ನನ್ನ ಮೂರನೇ ಸೆಮಿಸ್ಟರ್ ಫಲಿತಾಂಶವೂ ಬಂದಿತ್ತು. ಗಣಿತದಲ್ಲಿ ಬ್ಯಾಕ್. ಪಿಯುಸಿಯಲ್ಲಿ ಗಣಿತಕ್ಕೆ 94 ತೆಗೆದವನು ನಾನು. ಯಾರಿಗೂ ಹೇಳಲಿಲ್ಲ. 'ರಿಸಲ್ಟ್ ಇನ್ನೂ ಬಂದಿಲ್ಲ' ಎಂದು ಊಟದ ಹೊತ್ತಿಗೆ ಸುಳ್ಳು ಹೇಳಿದೆ. ಮರು ಮೌಲ್ಯಮಾಪನದ ಹಣವನ್ನು ಗೆಳೆಯನಿಂದ ಸಾಲ ತೆಗೆದುಕೊಂಡೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಎಂಜಿನಿಯರಿಂಗೇ ಬಿಟ್ಟುಬಿಡೋಣ ಎನ್ನುವಷ್ಟು ದೂರ ಹೋಗಿದ್ದೆ.

ಹೀಗೆ ನಾಲ್ಕು ದಿನ ಕಳೆದ ಮೇಲೆ ಅಪ್ಪ ರೊಟ್ಟಿ ಮುರಿಯುತ್ತಾ, ಹವಾಮಾನ ಹೇಳುವವರ ಹಾಗೆ ಹೇಳಿದರು: 'ನಂದು ಪ್ರಪೋಸಲ್ ರಿಜೆಕ್ಟ್ ಆಗೈತಿ. ಮತ್ತ ಮೊದಲಿನಿಂದ ಬರೀಬೇಕು.' ಅಮ್ಮ 'ಆತು ಬಿಡ್ರಿ, ಇನ್ನೊಂದು ರೊಟ್ಟಿ ಹಾಕಲೇನು?' ಎಂದರು. ಅಷ್ಟೇ. ಆಕಾಶ ಬೀಳಲಿಲ್ಲ.

ಸಭೆಯ ಮುಂದೆ ಪ್ರತಿ ಭಾನುವಾರ ನಿಂತು ಮಾತನಾಡುವ ಮನುಷ್ಯ, 50 ದಾಟಿದ ಮೇಲೆ, ಫೇಲಾದೆ ಎಂದು ಊಟದ ಟೇಬಲ್ ಮೇಲೆ ಹೇಳಬಹುದಾದರೆ ನನಗೇನು ಕಷ್ಟ? ಗಂಟಲು ಕಟ್ಟಿತ್ತು. 'ಪಪ್ಪಾ, ನಂದೂ ಒಂದು ಬ್ಯಾಕ್ ಐತಿ' ಎಂದೆ. ಅಪ್ಪ ತಲೆ ಎತ್ತಿ ನೋಡಿದರು. ಬೈಗುಳಕ್ಕೆ ಕಾದೆ. 'ಹಂಗಾದರ ಇಬ್ಬರೂ ಕೂಡೇ ಕುಂದ್ರೋಣು' ಎಂದರು.

ಕೂತೆವು. ರಾತ್ರಿ ಹತ್ತರಿಂದ ಹನ್ನೆರಡು. ಟೇಬಲಿನ ಒಂದು ಕಡೆ ನನ್ನ ಫೊರಿಯರ್ ಸರಣಿ, ಇನ್ನೊಂದು ಕಡೆ ಅವರ ಪ್ರಸ್ತಾವ. ಅವರು ನಲವತ್ತು ಪುಟವನ್ನು ಒಂದು ಪ್ರಶ್ನೆಗೆ ಇಳಿಸಲು ಎರಡು ತಿಂಗಳು ಹೆಣಗಿದರು. ಕೊನೆಗೆ ಉಳಿದದ್ದು ಇದು: ನಮ್ಮ ಸಭೆಯ 18ರಿಂದ 25 ವಯಸ್ಸಿನವರು ಸಭೆಯ ತೀರ್ಮಾನಗಳಿಂದ ಏಕೆ ದೂರ ಉಳಿದಿದ್ದಾರೆ? ಕರ್ನಾಟಕ ಹೋಯಿತು, ಬಿಕ್ಕಟ್ಟು ಹೋಯಿತು, ಪರಿಹಾರವೂ ಹೋಯಿತು. ಒಂದು ಸಭೆ, ಒಂದು ಪ್ರಶ್ನೆ. ಎರಡನೇ ಸಲ ಪ್ರಸ್ತಾವ ಒಪ್ಪಿಗೆಯಾಯಿತು. ನನ್ನ ಬ್ಯಾಕ್ ಕೂಡ ಕ್ಲಿಯರ್ ಆಯಿತು, 51 ಅಂಕದಲ್ಲಿ.

ನಾನೂ ಒಬ್ಬ 'ಭಾಗಿ'

ಇಲ್ಲಿಂದ ಮುಂದೆ ವಿಷಯ ನನ್ನ ಬುಡಕ್ಕೇ ಬಂತು. ಯಾಕೆಂದರೆ ದೂರ ಉಳಿದವರಲ್ಲಿ ನಾನೂ ಒಬ್ಬ. ಎರಡನೇ ಸೆಮಿಸ್ಟರ್‌ನಿಂದಲೇ ಭಾನುವಾರ 'ಅಸೈನ್‌ಮೆಂಟ್ ಐತಿ' ಎಂದು ಮನೆಯಲ್ಲೇ ಉಳಿಯುತ್ತಿದ್ದೆ. ಅಯ್ಯನವರ ಮಗನೇ ಬರುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಅಪ್ಪ ಒಮ್ಮೆಯೂ ಕೇಳಿರಲಿಲ್ಲ.

ಅಪ್ಪ ತಾವೇ ಯುವಕರ ಸಂದರ್ಶನ ಮಾಡುವ ಯೋಚನೆಯಲ್ಲಿದ್ದರು. ಗೈಡ್ ಒಪ್ಪಲಿಲ್ಲ. ಕಾರಣ ಕೇಳಿ ನನಗೂ ಆಶ್ಚರ್ಯವಾಯಿತು. ದೀಕ್ಷಾಸ್ನಾನದ ಪ್ರಮಾಣಪತ್ರ, ಮದುವೆಯ ರಿಜಿಸ್ಟರ್, ಕಾಲೇಜು ಸೀಟಿಗೆ ಬೇಕಾದ ಶಿಫಾರಸು ಪತ್ರ ಎಲ್ಲಕ್ಕೂ ಸಹಿ ಹಾಕುವವರು ಸಭಾಪಾಲಕರು. ಸಹಿ ಹಾಕುವ ಕೈ ಎದುರು ಕೂತು ಯಾರು ಸತ್ಯ ಹೇಳುತ್ತಾರೆ? ಇದನ್ನು ಸಂಶೋಧನೆಯ ನೀತಿ ಎನ್ನುತ್ತಾರೆ. ಕಾಗದದ ಮೇಲೆ ಓದಿದರೆ ಬೋರು. ಎದುರಿಗೆ ಕಂಡರೆ ಬೇರೆಯೇ.

ಹಾಗಾಗಿ ಬೇರೆ ಊರಿನ ಸಭಾಪಾಲಕಿಯೊಬ್ಬರು ಬಂದು ಸಂದರ್ಶನ ಮಾಡಿದರು. ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಒಪ್ಪಿಗೆ ಪತ್ರ. ಹೆಸರು ಎಲ್ಲೂ ಬರುವುದಿಲ್ಲ, ಇಷ್ಟವಿಲ್ಲದ ಪ್ರಶ್ನೆಗೆ ಉತ್ತರಿಸಬೇಕಿಲ್ಲ, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ದನಿಮುದ್ರಿಕೆಗಳನ್ನು ಅಕ್ಷರಕ್ಕಿಳಿಸಲು ಯಾವುದಾದರೂ ಆ್ಯಪ್‌ಗೆ ಹಾಕಿಬಿಡೋಣ, ಒಂದು ದಿನದ ಕೆಲಸ ಎಂದು ನಾನು ಸಲಹೆ ಕೊಟ್ಟೆ. ಅವರ ಮಾತನ್ನು ಯಾವುದೋ ಸರ್ವರ್‌ಗೆ ಕಳಿಸಲು ಅವರು ಒಪ್ಪಿಗೆ ಕೊಟ್ಟಿಲ್ಲವಲ್ಲ ಎಂದರು ಆ ಸಭಾಪಾಲಕಿ. ಕಂಪ್ಯೂಟರ್ ಸೈನ್ಸ್ ಓದುವ ನನಗೆ ಡೇಟಾ ಪ್ರೈವಸಿಯ ಪಾಠ ಹೇಳಿದ್ದು ಒಬ್ಬ ಪಾದ್ರಿ! ಅವರೇ ಕೂತು ಕೈಯಾರೆ ಬರೆದರು. ಹೆಸರು ತೆಗೆದ ಪ್ರತಿಗಳು ಮಾತ್ರ ಅಪ್ಪನಿಗೆ ಬಂದವು.

ನನಗೂ ಆಹ್ವಾನ ಬಂದಿತ್ತು. ಒಂದು ವಾರ ಯೋಚಿಸಿದೆ. ಅಪ್ಪನ ವಿರುದ್ಧ ಸಾಕ್ಷಿ ಹೇಳಿದಂತಾಗುತ್ತದೆಯೇ? ಕೊನೆಗೆ ಸಹಿ ಹಾಕಿ ನಲವತ್ತು ನಿಮಿಷ ಮಾತನಾಡಿದೆ. ನನಗೇ ಗೊತ್ತಿರದಿದ್ದ ಸಿಟ್ಟು ಹೊರಗೆ ಬಂತು.

ಸಿಕ್ಕಿದ್ದು ಏನು?

ಈ ಬಗೆಯ ಓದಿನಲ್ಲಿ ಹೆಚ್ಚಾಗಿ ಬಳಸುವುದು ಕ್ರಿಯಾ ಸಂಶೋಧನೆ. ಮನೋವಿಜ್ಞಾನಿ ಕರ್ಟ್ ಲೆವಿನ್ 1940ರ ದಶಕದಲ್ಲಿ ರೂಪಿಸಿದ್ದು. ಸಮಸ್ಯೆ ನೋಡು, ಒಂದು ಬದಲಾವಣೆ ಮಾಡು, ಏನಾಯಿತು ಎಂದು ಗಮನಿಸು, ಮತ್ತೆ ತಿದ್ದು. ನಾವು ಪ್ರೋಗ್ರಾಂ ಡಿಬಗ್ ಮಾಡುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ತಪ್ಪು ಬರೆದವನೂ, ತಪ್ಪು ಹುಡುಕುವವನೂ, ಕೆಲವು ಸಲ ತಪ್ಪೇ ಆಗಿರುವವನೂ ಒಬ್ಬನೇ.

ಮೊಬೈಲ್, ಟಿ.ವಿ., ನಂಬಿಕೆ ಕಡಿಮೆಯಾದದ್ದು ಇಂಥ ಕಾರಣಗಳು ಸಿಗುತ್ತವೆ ಎಂದು ಅಪ್ಪ ಅಂದುಕೊಂಡಿದ್ದರು. ಸಿಕ್ಕಿದ್ದು ಬೇರೆ. ಯುವಕರು ದೂರ ಹೋಗಿರಲಿಲ್ಲ, ಅವರನ್ನು ಕರೆದೇ ಇರಲಿಲ್ಲ. ಕ್ರಿಸ್‌ಮಸ್‌ಗೆ ನಕ್ಷತ್ರ ಕಟ್ಟಲು, ಮೈಕ್ ಜೋಡಿಸಲು, ಹಾಡಿನ ಸ್ಲೈಡ್ ಮಾಡಲು ಅವರು ಬೇಕು. ಸಭೆಯ ಹಣ ಎಲ್ಲಿಗೆ ಹೋಗಬೇಕು, ಸಮುದಾಯ ಭವನವನ್ನು ಯಾರಿಗೆ ಕೊಡಬೇಕು ಎಂಬ ಮಾತು ಬಂದಾಗ ಅವರು ಮಕ್ಕಳು. ಹಾಗೆ ನಡೆಸಿಕೊಂಡು ಬಂದವರಲ್ಲಿ ಮೊದಲಿಗರು ಸಭಾಪಾಲಕರೇ.

ಆ ಪ್ರತಿಗಳನ್ನು ಓದಿದ ದಿನ ಅಪ್ಪ ಮಂಗಳವಾರದ ಸೆಮಿನಾರ್‌ಗೆ ಕೂರಲಿಲ್ಲ. ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಬಹಳ ಹೊತ್ತು ಕೂತಿದ್ದರು.

ಬದಲಾವಣೆ ದೊಡ್ಡದೇನಲ್ಲ. ಸಭಾ ಸಮಿತಿಗೆ ಯುವಕರಲ್ಲಿ ಇಬ್ಬರನ್ನು, ಒಬ್ಬ ಹುಡುಗ ಒಬ್ಬ ಹುಡುಗಿ, ಆಹ್ವಾನಿತರಾಗಿ ಕರೆದರು. ಮೂರು ತಿಂಗಳಿಗೊಮ್ಮೆ ಆರಾಧನೆ ಮುಗಿದ ಮೇಲೆ ಲೆಕ್ಕ ಓದಿ, ಯಾರು ಬೇಕಾದರೂ ಪ್ರಶ್ನೆ ಕೇಳಬಹುದು ಎಂದರು. ಮೊದಲ ಸಲ ಯಾರೂ ಕೇಳಲಿಲ್ಲ. ಎರಡನೇ ಸಲ ಡಿಪ್ಲೊಮಾ ಓದುವ ಹುಡುಗಿಯೊಬ್ಬಳು ಜನರೇಟರ್ ಡೀಸೆಲ್ ಖರ್ಚು ಯಾಕೆ ಇಷ್ಟು ಎಂದು ಎದ್ದು ನಿಂತು ಕೇಳಿದಳು. ಇಬ್ಬರು ಹಿರಿಯರು ಮುನಿಸಿಕೊಂಡು ಒಂದು ತಿಂಗಳು ಸಭೆಗೆ ಬರಲಿಲ್ಲ. ಒಬ್ಬರು ಈಗಲೂ ಅಪ್ಪನ ಜೊತೆ ಸರಿಯಾಗಿ ಮಾತನಾಡುವುದಿಲ್ಲ. ಅದನ್ನೂ ಅಪ್ಪ ಪ್ರಬಂಧದಲ್ಲಿ ಬರೆದಿದ್ದಾರೆ. ಸಂಶೋಧನೆಯೆಂದರೆ ಗೆದ್ದದ್ದನ್ನು ಮಾತ್ರ ಬರೆಯುವುದಲ್ಲವಂತೆ.

ನೀವು ಸೇರುವ ಮುನ್ನ

ಮುಂದೆ ಓದಬೇಕು ಎನ್ನುವ ಗೆಳೆಯರಿಗೆ ಅಪ್ಪನ ಅಲೆದಾಟದಿಂದ ನಾನು ಕಲಿತದ್ದು ಇಷ್ಟು.

ಮೊದಲನೆಯದು, ಹೆಸರು ನೋಡಿ ಮೋಸ ಹೋಗಬೇಡಿ. ಯುಜಿಸಿಯ 2022ರ ನಿಯಮಾವಳಿಯ ಪ್ರಕಾರ ಪಿಎಚ್‌.ಡಿ.ಯನ್ನು ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕೊಡುವಂತಿಲ್ಲ. ಕೆಲಸದಲ್ಲಿರುವವರು ಸಂಸ್ಥೆಯ ನಿರಾಕ್ಷೇಪಣಾ ಪತ್ರ ತಂದು ಅರೆಕಾಲಿಕವಾಗಿ ಮಾಡಬಹುದು. ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಇದ್ದವರು ಸ್ನಾತಕೋತ್ತರ ಪದವಿ ಇಲ್ಲದೆಯೂ ಅರ್ಜಿ ಹಾಕಬಹುದು. ಇದು ಬಿ.ಇ.ಯವರಿಗೆ ಗೊತ್ತಿರಬೇಕಾದ ಮಾತು.

ಎರಡನೆಯದು, ಡಾಕ್ಟರ್ ಆಫ್ ಮಿನಿಸ್ಟ್ರಿ ಪಿಎಚ್‌.ಡಿ. ಅಲ್ಲ. ಅದನ್ನು ನಂಬಿಕೊಂಡು ಸರ್ಕಾರಿ ಕಾಲೇಜಿನ ಉಪನ್ಯಾಸಕ ಹುದ್ದೆಯ ಕನಸು ಕಾಣಬೇಡಿ. ಸೇರುವ ಮುನ್ನವೇ ಈ ಪದವಿ ಎಲ್ಲಿ ನಡೆಯುತ್ತದೆ, ಯಾರು ಮಾನ್ಯ ಮಾಡಿದ್ದಾರೆ ಎಂದು ಬರಹದಲ್ಲಿ ಕೇಳಿ. ಮಾನ್ಯತೆ ಕೊಡುವ ಸಂಸ್ಥೆಗೂ ಒಮ್ಮೆ ಬರೆದು ಖಚಿತ ಮಾಡಿಕೊಳ್ಳಿ.

ಮೂರನೆಯದು, ವಾಸದ ತರಗತಿ ಎಷ್ಟು ದಿನ, ಗೈಡ್ ಯಾರು, ಅವರ ಕೈಕೆಳಗೆ ಈಗಾಗಲೇ ಎಷ್ಟು ಜನ ಇದ್ದಾರೆ, ಗ್ರಂಥಾಲಯ ಮನೆಯಿಂದಲೇ ಸಿಗುತ್ತದೆಯೇ ಎಂದು ಕೇಳಿ. ಬೋಧನಾ ಶುಲ್ಕದ ಜೊತೆಗೆ ಪ್ರಯಾಣ, ಮುದ್ರಣ, ವೈವಾ ಖರ್ಚನ್ನೂ ಲೆಕ್ಕ ಹಾಕಿ.

ನಾಲ್ಕನೆಯದು, ಹಣ ಕೊಟ್ಟರೆ ಹೋಟೆಲ್ ಸಮಾರಂಭದಲ್ಲಿ ಗೌನು ಹೊದಿಸಿ 'ಗೌರವ ಡಾಕ್ಟರೇಟ್' ಕೊಡುವವರಿದ್ದಾರೆ. ಅಪ್ಪನಿಗೂ ಫೋನ್ ಬಂದಿತ್ತು. 1853ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಕಿಟ್ಟೆಲ್ ದಶಕಗಳ ಕಾಲ ಕಷ್ಟಪಟ್ಟು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದ ಮೇಲೆ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಗೌರವ ಎಂದರೆ ಅದು. ಫೋನ್ ಮಾಡಿದವನಿಗೆ ಅಪ್ಪ 'ನಂದು ಒಂದು ನಡದೈತಿ, ಅದನ್ನ ಮುಗಸ್ತೀನಿ' ಎಂದು ಇಟ್ಟುಬಿಟ್ಟರು.

ಒಂದು ವಾಕ್ಯ

ಹೋದ ತಿಂಗಳು ಪ್ರಬಂಧದ ಕೊನೆಯ ಪ್ರತಿಯನ್ನು ಜೋಡಿಸಲು ಕೂತಿದ್ದೆ. ಪುಟ ಸಂಖ್ಯೆ, ಮಾರ್ಜಿನ್, ಪರಿವಿಡಿ. ನಾಲ್ಕನೇ ಅಧ್ಯಾಯದ ಮಧ್ಯೆ ಕೈ ನಿಂತಿತು. ಹೆಸರಿಲ್ಲದ ಒಬ್ಬ ಭಾಗಿಯ ಮಾತು ಅಲ್ಲಿತ್ತು. ಕುರ್ಚಿ ಹೊರುವಾಗ ನಾವು ದೊಡ್ಡವರು, ಲೆಕ್ಕ ಕೇಳುವಾಗ ಸಣ್ಣವರು ಎಂದು. ನಾನು ಹೇಳಿದ್ದೇ ಮಾತು, ಇಂಗ್ಲಿಷ್‌ನಲ್ಲಿ.

ಅಪ್ಪ ಹಿಂದೆ ನಿಂತಿದ್ದರು. 'ಈ ವಾಕ್ಯ ಇಂಗ್ಲಿಷ್‌ನಾಗ ಸರಿ ಬಂದೈತೇನು ನೋಡಪಾ. ಕನ್ನಡದಾಗಿನ ಖಾರ ಇದರಾಗ ಬರವಲ್ದು' ಎಂದರು. ನಾನು ಒಂದು ಪದ ಬದಲಿಸಿದೆ. 'ಹಾಂ, ಈಗ ಬಂತು' ಎಂದರು. ಇಬ್ಬರೂ ಬೇರೆ ಏನೂ ಮಾತನಾಡಲಿಲ್ಲ.

ಅವರಿಗೆ ಗೊತ್ತಿತ್ತೇ? ನಾನು ಕೇಳಿಲ್ಲ. ಈ ಬರಹ ಓದಿದರೆ ಗೊತ್ತಾಗುತ್ತದೆ. ನನ್ನ ಹೆಸರನ್ನು ಗುಟ್ಟಾಗಿಡುವ ಹೊಣೆ ಸಂಶೋಧಕರದು, ಬಿಟ್ಟುಕೊಡುವ ಹಕ್ಕು ನನ್ನದು ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗಲೇ ಓದಿಕೊಂಡಿದ್ದೇನೆ. ನಾನೀಗ ಪ್ರತಿ ಭಾನುವಾರ ಹೋಗುತ್ತೇನೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಲೆಕ್ಕ ಓದುವ ಭಾನುವಾರ ಮಾತ್ರ ತಪ್ಪಿಸುವುದಿಲ್ಲ.

ಮುಂದಿನ ತಿಂಗಳು ಅಪ್ಪನ ವೈವಾ. ಅದರ ಮರುವಾರ ನನ್ನ ಆರನೇ ಸೆಮಿಸ್ಟರ್ ಪರೀಕ್ಷೆ. 'ಪಾಸಾಗತೀರೇನು?' ಎಂದು ಅಮ್ಮ ಇಬ್ಬರನ್ನೂ ಕೇಳುತ್ತಾರೆ. ಉತ್ತರ ಗೊತ್ತಿಲ್ಲ. ಆದರೆ ಫೇಲಾದರೆ ಅದನ್ನು ಎಲ್ಲಿ ಹೇಳಬೇಕು ಎಂಬುದು ಗೊತ್ತಾಗಿದೆ: ಊಟದ ಟೇಬಲ್ ಮೇಲೆ, ರೊಟ್ಟಿ ಮುರಿಯುತ್ತಾ.